ಉಗಮಗಳ ಗಿರಿನಾಡು: ಚಿಕ್ಕಮಗಳೂರು

ವರಾಹ ಪರ್ವತದ ನೆತ್ತಿಯ ಮೇಲೆ ಆಷಾಢದ ಮಳೆ ಸುರಿಯುವಾಗ ಒಂದೇ ಮೋಡದ ನೀರಿಗೆ ಎರಡು ಸಮುದ್ರಗಳ ಹಾದಿ ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ಇಳಿದ ನೀರು ನೇತ್ರಾವತಿಯಾಗಿ ಘಟ್ಟದ ಕಡಿದಾದ ಕಣಿವೆಗಳಲ್ಲಿ ಧುಮುಕಿ, ಧರ್ಮಸ್ಥಳದ ಸ್ನಾನಘಟ್ಟವನ್ನು ದಾಟಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪೂರ್ವಕ್ಕೆ ಹರಿದದ್ದು ತುಂಗೆ, ಭದ್ರೆ ಎಂಬ ಎರಡು ಹೆಸರು ಹೊತ್ತು ಬೇರೆ ಬೇರೆ ಕಣಿವೆಗಳಲ್ಲಿ ಅಲೆದು, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಮತ್ತೆ ಒಂದಾಗುತ್ತದೆ. ಹಂಪಿಯ ಬಂಡೆಗಳನ್ನು ಬಳಸಿ, ಕೃಷ್ಣೆಯೊಡನೆ ಬೆರೆತು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಈ ಮೂರೂ ನದಿಗಳ ತವರೆಂದು ಪರಂಪರೆ ಗುರುತಿಸುವ ತಾಣ ಗಂಗಾಮೂಲ. ದಟ್ಟ ಕಾನನದ ನಡುವಿನ ಈ ಪುಟ್ಟ ಜಾಗವನ್ನು ನೋಡಿದವರಿಗೆ, ಇಷ್ಟು ಸಣ್ಣ ಒರತೆಯಿಂದ ಅಷ್ಟು ದೊಡ್ಡ ನದಿಗಳು ಹೊರಟವೇ ಎಂಬ ಬೆರಗು ಸಹಜ.

ಜಲವೈಭವ ಇಷ್ಟಕ್ಕೇ ಮುಗಿಯುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ ಹುಟ್ಟುವ ಹೇಮಾವತಿ ಕಾವೇರಿಯ ಪಾಲಾಗುತ್ತಾಳೆ. ಬಾಬಾಬುಡನ್‌ಗಿರಿ ಶ್ರೇಣಿಯ ಯಗಚಿ ಬೇಲೂರಿನ ಮಗ್ಗುಲಲ್ಲೇ ಸಾಗಿ ಹೇಮಾವತಿಯನ್ನು ಕೂಡಿಕೊಳ್ಳುತ್ತದೆ. ಅದೇ ಗಿರಿಯ ಪೂರ್ವದ ಇಳಿಜಾರಿನಲ್ಲಿ ಜನಿಸುವ ವೇದಾವತಿ ಕಡೂರಿನ ಬಯಲನ್ನು ಹಾದು ಚಿತ್ರದುರ್ಗದ ಬರನಾಡಿಗೆ ಹೋಗುತ್ತದೆ. ಮೈಸೂರು ಅರಸರ ಕಾಲದಲ್ಲಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ತುಂಬುವುದು ಈ ನೀರಿನಿಂದಲೇ. ಲಕ್ಕವಳ್ಳಿಯ ಬಳಿ ತಡೆದು ನಿಲ್ಲಿಸಿದ ಭದ್ರೆಯ ನೀರು ದಾವಣಗೆರೆ ಸೀಮೆಯ ಭತ್ತದ ಗದ್ದೆಗಳವರೆಗೆ ನಾಲೆಗಳಲ್ಲಿ ಹರಿಯುತ್ತದೆ. ಒಂದೇ ಜಿಲ್ಲೆ ಕೃಷ್ಣಾ ಮತ್ತು ಕಾವೇರಿ ಕಣಿವೆಗಳೆರಡಕ್ಕೂ, ಜೊತೆಗೆ ಕರಾವಳಿಗೂ ನೀರುಣಿಸುವ ಇಂಥ ನಿದರ್ಶನ ದಕ್ಷಿಣ ಭಾರತದಲ್ಲಿ ವಿರಳ.

ನದಿಗಳ ಮಾತು ಮೊದಲು ಬಂದದ್ದು ಆಕಸ್ಮಿಕವಲ್ಲ. ಈ ನಾಡಿನ ಸ್ವಭಾವವೇ ಹಾಗೆ. ಇಲ್ಲಿ ಹುಟ್ಟಿದ್ದು ಬೇರೆಡೆ ಬೆಳೆದು ಹೆಸರಾಗುತ್ತದೆ. ಹೊಯ್ಸಳರು ಮೊದಲು ಕಾಣಿಸಿಕೊಂಡದ್ದು ಈ ಮಲೆಗಳಲ್ಲಿ. ಮೆರೆದದ್ದು ಬೇಲೂರು, ಹಳೇಬೀಡಿನಲ್ಲಿ. ಭಾರತದ ಕಾಫಿ ಬೇರೂರಿದ್ದು ಈ ಗಿರಿಯಲ್ಲಿ; ಇಂದು ಅದರ ಪರಿಮಳ ಯುರೋಪಿನ ಬಟ್ಟಲುಗಳಲ್ಲಿದೆ. ಕುವೆಂಪು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು, ತಾಯಿಯ ತವರಿನಲ್ಲಿ. ಅವರ ಹೆಸರಿನೊಡನೆ ಲೋಕ ನೆನೆಯುವುದು ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯನ್ನು. ಚಿಕ್ಕಮಗಳೂರಿನ ಗರಿಮೆಯನ್ನು ಅಳೆಯಹೊರಟವರು ಅದರ ಗಡಿಯೊಳಗೆ ಇರುವುದನ್ನಷ್ಟೇ ಎಣಿಸಿದರೆ ಅರ್ಧ ಲೆಕ್ಕ ಮಾತ್ರ ಸಿಕ್ಕೀತು.

ಲಾಳಾಕಾರದ ಗಿರಿವಲಯ

ಸುಮಾರು 7,200 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆ ಆಡಳಿತದ ದಾಖಲೆಗಳಲ್ಲಿ 1947ರವರೆಗೆ ಇದ್ದದ್ದು ‘ಕಡೂರು ಜಿಲ್ಲೆ’ ಎಂದು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಹನ್ನೊಂದು ಲಕ್ಷ ಮೂವತ್ತೇಳು ಸಾವಿರದಷ್ಟು. ದೊಡ್ಡ ಕೈಗಾರಿಕೆಯಾಗಲಿ ಮಹಾನಗರವಾಗಲಿ ಇಲ್ಲದ, ತೋಟ, ಗದ್ದೆ, ಹೊಲಗಳನ್ನೇ ನಂಬಿದ ಗ್ರಾಮೀಣ ಸಮಾಜ ಇದು. ಆದರೆ ಏಕರೂಪದ ನಾಡಲ್ಲ. ಪಶ್ಚಿಮದ ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆಗಳು ಅಪ್ಪಟ ಮಲೆನಾಡು. ಪೂರ್ವದ ಕಡೂರು, ಅಜ್ಜಂಪುರಗಳು ತೆಂಗು, ರಾಗಿ, ಈರುಳ್ಳಿಗಳ ಬಯಲುಸೀಮೆ. ಮಲೆನಾಡಿನ ಅಂಚಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ನೂರು ಕಿಲೋಮೀಟರ್ ಪೂರ್ವಕ್ಕೆ ಬರುವಷ್ಟರಲ್ಲಿ 600ರ ಆಸುಪಾಸಿಗೆ ಕುಗ್ಗುತ್ತದೆ. ಕಳಸದಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದ ದಿನವೇ ಕಡೂರಿನ ರೈತ ಆಕಾಶ ನೋಡುತ್ತ ಕುಳಿತಿರಬಹುದು.

ಈ ಎರಡು ಲೋಕಗಳ ನಡುವೆ ಎದ್ದು ನಿಂತ ಗೋಡೆಯೇ ಚಂದ್ರದ್ರೋಣ ಪರ್ವತ, ಅಂದರೆ ಬಾಬಾಬುಡನ್‌ಗಿರಿ ಶ್ರೇಣಿ. ವಾಯುವ್ಯಕ್ಕೆ ಬಾಯ್ದೆರೆದ ಕುದುರೆಲಾಳದಂಥ ಅದರ ಆಕೃತಿ ಭೂಪಟದಲ್ಲಿ ಎದ್ದು ಕಾಣುತ್ತದೆ. ಲಾಳದ ಒಳಗೆ ಜಾಗರ ಕಣಿವೆಯ ಕಾಡು. ಮಧ್ಯದಲ್ಲಿ ಭದ್ರೆಯತ್ತ ಹರಿಯುವ ಸೋಮವಾಹಿನಿ. ಭೂವಿಜ್ಞಾನಿಗಳಿಗೆ ಇದು ತೆರೆದಿಟ್ಟ ಗ್ರಂಥ. ಧಾರವಾಡ ಶಿಲಾಸಮುದಾಯಕ್ಕೆ ಸೇರಿದ ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯ ಮೇಲೆ ಸೂಕ್ಷ್ಮಾಣುಗಳ ಹೊರತು ಬೇರೆ ಜೀವವಿಲ್ಲದಿದ್ದ ಯುಗದ ಸಾಕ್ಷಿಗಳು. ಪ್ರಾಚೀನ ಸಾಗರತಳದಲ್ಲಿ ಕಬ್ಬಿಣದ ಅಂಶವೂ ಸಿಲಿಕವೂ ಪದರ ಪದರವಾಗಿ ಶೇಖರಗೊಂಡು ಗಟ್ಟಿಯಾದ ಪಟ್ಟೆಶಿಲೆಗಳು ಈ ಶ್ರೇಣಿಯ ನೆತ್ತಿಯನ್ನು ಹೊದೆದಿವೆ. ಸುತ್ತಲಿನ ಮೃದುಶಿಲೆಗಳು ಮಳೆಗಾಳಿಗೆ ಸವೆದು ಹೋದವು, ಇವು ಸವೆಯಲಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್ ಎತ್ತರದಲ್ಲಿ ಈ ಶ್ರೇಣಿಯಲ್ಲೇ ತಲೆಯೆತ್ತಿ ನಿಂತಿದೆ. ಕೆಮ್ಮಣ್ಣುಗುಂಡಿಯ ಮಣ್ಣು ಕೆಂಪಾಗಿರುವುದಕ್ಕೂ ಅಲ್ಲಿನ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕುಲುಮೆ ಸೇರಿದ್ದಕ್ಕೂ ಕಾರಣ ಈ ಕಬ್ಬಿಣವೇ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಶ್ರಾಂತಿಧಾಮವಾಗಿದ್ದ ಆ ಗಿರಿಧಾಮ ಇಂದು ತೋಟಗಾರಿಕೆ ಇಲಾಖೆಯ ಆರೈಕೆಯಲ್ಲಿದೆ.

ಗಿರಿಯ ನೆತ್ತಿಯಲ್ಲಿ ಹುಲ್ಲು, ಅದರ ಮಡಿಕೆಗಳಲ್ಲಿ ಕಾಡು. ಇದು ಪಶ್ಚಿಮಘಟ್ಟದ ಎತ್ತರದ ನೆಲೆಗಳಿಗೆ ಮಾತ್ರ ಒಲಿದ ಶೋಲಾ ವ್ಯವಸ್ಥೆ. ಗಾಳಿ ಬೀಸುವ ಬೋಳು ಏಣುಗಳ ಮೇಲೆ ಮರ ನಿಲ್ಲದು; ತಗ್ಗಿನಲ್ಲಿ, ತೇವ ಉಳಿಯುವೆಡೆಯಲ್ಲಿ ಗಿಡ್ಡ ಕೊಂಬೆಗಳ, ಪಾಚಿ ಹೊದ್ದ ಮರಗಳು ಒತ್ತೊತ್ತಾಗಿ ಬೆಳೆಯುತ್ತವೆ. ನಾಲ್ಕು ತಿಂಗಳು ಸುರಿದ ಮಳೆಯನ್ನು ಹುಲ್ಲಿನ ಬೇರು ಹಿಡಿದು ಮಣ್ಣಿಗೆ ಕೊಡುತ್ತದೆ. ಮಣ್ಣು ಅದನ್ನು ತಡೆತಡೆದು ಶೋಲಾದ ಝರಿಗಳಿಗೆ ಒಪ್ಪಿಸುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲೂ ತುಂಗೆ ಹರಿಯುವುದಕ್ಕೆ ಇದೇ ಕಾರಣ. ಹುಲ್ಲುಗಾವಲನ್ನು ‘ಬರಡು’ ಎಂದು ಬಗೆದು ಮರ ನೆಟ್ಟು ‘ಹಸಿರು’ ಮಾಡಹೊರಟ ಉತ್ಸಾಹ ಹಿಂದೆ ಪಶ್ಚಿಮಘಟ್ಟದುದ್ದಕ್ಕೂ ಕೆಲಸ ಮಾಡಿದೆ. ಅದರಷ್ಟು ಅವಿವೇಕದ ಅರಣ್ಯಪ್ರೇಮ ಮತ್ತೊಂದಿಲ್ಲ.

ಕೆಳಗಿನ ನಿತ್ಯಹರಿದ್ವರ್ಣದ ಕಾಡಿನಲ್ಲಿ ಸಿಂಗಳೀಕಗಳಿವೆ, ಮಂಗಟ್ಟೆಗಳಿವೆ, ಕೆಂಜಳಿಲುಗಳಿವೆ. 1951ರಲ್ಲಿ ಜಾಗರ ಕಣಿವೆಯಲ್ಲಿ ಚಿಕ್ಕದಾಗಿ ಆರಂಭವಾದ ಅಭಯಾರಣ್ಯ ಮುಂದೆ ಭದ್ರಾ ಅಭಯಾರಣ್ಯವಾಗಿ ಬೆಳೆದು, 1998ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಅದರ ಒಡಲೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಹೊರಬಂದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲೂ ಕೆಳಗೂರಿನಲ್ಲೂ ನೆಲೆಸಿದವು. ನೀರಾವರಿ ಜಮೀನು, ಮನೆ, ಶಾಲೆ ದೊರೆತ ಆ ಪುನರ್ವಸತಿಯನ್ನು ವನ್ಯಜೀವಿ ತಜ್ಞರು ಇಂದಿಗೂ ಮಾದರಿಯೆಂದು ಎತ್ತಿ ಹೇಳುತ್ತಾರೆ.

ಸೊಸೆವೂರಿನ ಹುಲಿ, ಶೃಂಗೇರಿಯ ಶಾಸನ

ಮೂಡಿಗೆರೆಯ ಬಳಿ ಅಂಗಡಿ ಎಂಬ ಊರಿದೆ. ಕಾಫಿ ತೋಟಗಳ ನಡುವೆ ಮರೆಯಾದ, ಪ್ರವಾಸಿ ಬಸ್ಸುಗಳು ನಿಲ್ಲದ ಊರು. ಶಾಸನಗಳ ಸೊಸೆವೂರು ಇದೇ. ವಾಸಂತಿಕಾ ದೇವಿಯ ಗುಡಿಯ ಬಳಿ ಎರಗಿ ಬಂದ ಹುಲಿಯನ್ನು ಜೈನಮುನಿಯ ಆಣತಿಯಂತೆ ಹೊಯ್ದು ಕೊಂದ ಸಳನ ಕಥೆ ಇಲ್ಲಿಯದು. ಕಥೆಯ ಸತ್ಯಾಸತ್ಯ ಏನೇ ಇರಲಿ, ಹೊಯ್ಸಳರ ಪ್ರಾಚೀನತಮ ನೆಲೆ ಈ ಮಲೆಸೀಮೆಯೆಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿಲ್ಲ. ಹಳೆಯ ಬಸದಿಗಳ ಅವಶೇಷಗಳೂ ವಾಸಂತಮ್ಮನ ಗುಡಿಯೂ ಇಂದಿಗೂ ಇಲ್ಲಿವೆ. ಮಲೆಯ ಈ ಪುಟ್ಟ ಪಾಳೆಯಗಾರಿಕೆ ಬೇಲೂರಿಗೆ ಇಳಿದು, ದ್ವಾರಸಮುದ್ರವನ್ನು ಕಟ್ಟಿ, ಮೂರು ಶತಮಾನಗಳ ಸಾಮ್ರಾಜ್ಯವಾಯಿತು.

ಅರಸರು ಬಯಲಿಗೆ ಹೋದರೂ ಮಲೆನಾಡಿನ ಅಂಚನ್ನು ಮರೆಯಲಿಲ್ಲ. ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯ ಅದಕ್ಕೆ ಅನುಪಮ ಸಾಕ್ಷಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಈ ಗುಡಿಯ ಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನ. ಶಿಲ್ಪಿಗಳಲ್ಲಿ ಒಬ್ಬ ರೂವಾರಿ ಮಲ್ಲಿತಮ್ಮ. ದಶಕಗಳ ಬಳಿಕ ಸೋಮನಾಥಪುರದಲ್ಲಿ ತನ್ನ ಹೆಸರನ್ನು ಕಲ್ಲಿನಲ್ಲಿ ಮತ್ತೆ ಮತ್ತೆ ಕೆತ್ತಿದ ಈ ಮಹಾಶಿಲ್ಪಿಯ ವೃತ್ತಿಜೀವನ ಆರಂಭವಾದದ್ದು ಇಲ್ಲಿಂದ ಎಂಬುದು ಕಲಾ ಇತಿಹಾಸಕಾರರ ಮತ. ತೆರೆದ ಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣಲೀಲೆ ಮತ್ತು ಮಹಾಭಾರತ. ವಿಶೇಷವೆಂದರೆ ರಾಮಾಯಣದ ಫಲಕಗಳು ಸಾಗುವುದು ಅಪ್ರದಕ್ಷಿಣವಾಗಿ. ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಕನ್ನಡಿಯಂತೆ ನುಣುಪಾದ ಕಂಬಗಳ ಸಾಲು, ಅದರ ಮೇಲೆ ಒಂದರಂತೆ ಇನ್ನೊಂದಿಲ್ಲದ ಭುವನೇಶ್ವರಿಗಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಅಮೃತಾಪುರ ಆ ಸಾಲಿನಲ್ಲಿರಲಿಲ್ಲ. ಕುಸುರಿಯಲ್ಲಿ ಅದು ಆ ಮೂರಕ್ಕೂ ಸಾಟಿ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಬೆಳವಾಡಿಯ ವೀರನಾರಾಯಣ ದೇವಾಲಯವಂತೂ ವಿಸ್ತಾರದಲ್ಲೇ ಬೆರಗು ಹುಟ್ಟಿಸುತ್ತದೆ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹರಿಗೆ ಒಂದೊಂದು ಗರ್ಭಗುಡಿಯಿರುವ ಈ ತ್ರಿಕೂಟಾಚಲದ ವೇಣುಗೋಪಾಲನ ಎದುರು ನಿಂತವರು ಬೇಗನೆ ಹೊರಬರುವುದಿಲ್ಲ.

ಶೃಂಗೇರಿಯ ಮಾತೇ ಬೇರೆ. ಆದಿಶಂಕರರು ಸ್ಥಾಪಿಸಿದ ಆಮ್ನಾಯ ಪೀಠಗಳಲ್ಲಿ ಇದು ಮೊದಲನೆಯದೆಂಬುದು ಪರಂಪರೆಯ ನಂಬುಗೆ. ಕಾದ ಬಿಸಿಲಿನಲ್ಲಿ ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯ ನೆರಳು ಹಿಡಿದದ್ದನ್ನು ಕಂಡು ಆಚಾರ್ಯರು ಈ ನೆಲವನ್ನು ಆರಿಸಿದರೆಂಬ ಐತಿಹ್ಯವನ್ನು ತುಂಗೆಯ ದಡದ ಕಪ್ಪೆ ಶಂಕರ ನೆನಪಿಸುತ್ತದೆ. 14ನೆಯ ಶತಮಾನದ ವಿದ್ಯಾಶಂಕರ ದೇವಾಲಯ ಹೊಯ್ಸಳ ಮತ್ತು ದ್ರಾವಿಡ ಶೈಲಿಗಳು ಕೂಡಿ ಹುಟ್ಟಿದ ಅಪೂರ್ವ ರಚನೆ. ನವರಂಗದ ಹನ್ನೆರಡು ಕಂಬಗಳಿಗೆ ಹನ್ನೆರಡು ರಾಶಿಗಳು. ಸೂರ್ಯ ಯಾವ ರಾಶಿಯಲ್ಲಿರುವನೋ ಆ ತಿಂಗಳು ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುತ್ತದೆಂದು ಹೇಳುತ್ತಾರೆ. ಕಂಬದ ಸಿಂಹಗಳ ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನು ಮಾತ್ರ ಯಾರು ಬೇಕಾದರೂ ಕಣ್ಣಾರೆ ಕಾಣಬಹುದು: ಹೊರಗೆ ತೆಗೆಯಲಾಗದು, ಒಳಗೆ ತಿರುಗಿಸಬಹುದು.

ಈ ಮಠದ ಇತಿಹಾಸ ಧರ್ಮದ ಪರಿಧಿಯನ್ನು ಮೀರಿ ಹಬ್ಬಿದೆ. ವಿಜಯನಗರದ ಹರಿಹರನೂ ಅವನ ಸೋದರರೂ 1346ರಲ್ಲಿ ಶೃಂಗೇರಿಗೆ ಬಂದು, ವಿಜಯೋತ್ಸವ ಆಚರಿಸಿ, ಭೂದಾನ ಮಾಡಿದ್ದನ್ನು ಇಲ್ಲಿನ ಶಾಸನವೇ ಹೇಳುತ್ತದೆ. 1791ರಲ್ಲಿ ಮರಾಠಾ ಸೇನೆಯ ಪಡೆಯೊಂದು ಮಠವನ್ನು ಲೂಟಿ ಮಾಡಿದಾಗ ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿದವನು ಟಿಪ್ಪು ಸುಲ್ತಾನ್. ಜಗದ್ಗುರುಗಳಿಗೆ ಅವನು ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಇತಿಹಾಸವನ್ನು ಕಪ್ಪು–ಬಿಳುಪಿನ ಎರಡೇ ಬಣ್ಣದಲ್ಲಿ ನೋಡಬಯಸುವವರಿಗೆ ಆ ಕಡತ ಇಂದಿಗೂ ಕಸಿವಿಸಿ ತರುವಂಥದು.

ಬಾಳೆಹೊನ್ನೂರಿನಲ್ಲಿ ವೀರಶೈವ ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠ, ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿಯ ಜೈನಕ್ಷೇತ್ರ, ಹೊರನಾಡಿನಲ್ಲಿ ಬಂದವರಿಗೆಲ್ಲ ಅನ್ನವಿಕ್ಕುವ ಅನ್ನಪೂರ್ಣೇಶ್ವರಿ, ಕಳಸದಲ್ಲಿ ಕಳಸೇಶ್ವರ, ಅದರ ಸಮೀಪದ ಅಂಬುತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿರಿಸಿದರೆಂದು ಶಾಸನ ಸಾರುವ ಹೆಬ್ಬಂಡೆ. ಜಿಲ್ಲಾಕೇಂದ್ರಕ್ಕೆ ಅಂಟಿಕೊಂಡ ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ, ಪೂಜೆ ನಡೆಯುವುದು ಕನ್ನಡದಲ್ಲಿ. ಇಷ್ಟು ಮತಪಂಥಗಳು ಇಷ್ಟು ಹತ್ತಿರ ಹತ್ತಿರ ಬೇರೂರಿದ ಬೆಟ್ಟನಾಡು ಬೇರೆಲ್ಲಿದೆ?

ಏಳು ಬೀಜಗಳ ಮಹಾಫಸಲು

17ನೆಯ ಶತಮಾನದಲ್ಲಿ, ಸುಮಾರು 1670ರ ಹೊತ್ತಿಗೆ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ಸೂಫಿ ಸಂತ ಬಾಬಾಬುಡನ್ ಯೆಮೆನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಭಾರತೀಯ ಕಾಫಿಯ ಆದಿಕಥೆ. ಮೊಳೆಯಬಲ್ಲ ಬೀಜ ನಾಡಿನಿಂದ ಹೊರಹೋಗದಂತೆ ಅರಬರು ಕಾವಲಿದ್ದ ಕಾಲ ಅದು. ಆ ಏಳು ಬೀಜಗಳಿಂದ ಮೊದಲಾದ ಬೆಳೆ ಇಂದು ಕರ್ನಾಟಕ, ಕೇರಳ, ತಮಿಳುನಾಡುಗಳ ಗಿರಿಸಾಲುಗಳಲ್ಲಿ ಹಬ್ಬಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದೇ. ಸಂತನ ಗುಹೆ ದತ್ತಾತ್ರೇಯ ಪೀಠವೂ ಹೌದು, ದರ್ಗಾವೂ ಹೌದು. ತಲೆಮಾರುಗಳ ಕಾಲ ಹಿಂದೂ–ಮುಸ್ಲಿಂ ಭಕ್ತರು ಒಂದೇ ಬಾಗಿಲಿನಲ್ಲಿ ತಲೆಬಾಗಿದ ಈ ತಾಣ ದಶಕಗಳಿಂದ ನ್ಯಾಯಾಲಯದ ವ್ಯಾಜ್ಯಗಳಲ್ಲೂ ಸಿಲುಕಿದೆ. ಮೂಲ ಸೊಬಗು ಆ ಹಂಚಿಕೊಂಡ ನಮನದಲ್ಲಿತ್ತು.

ಹಿತ್ತಲ ಗಿಡವಾಗಿದ್ದ ಕಾಫಿ ವಾಣಿಜ್ಯ ಬೆಳೆಯಾದದ್ದು 19ನೆಯ ಶತಮಾನದಲ್ಲಿ. ಕ್ಯಾನನ್ ಎಂಬ ಯುರೋಪಿಯನ್ ಪ್ಲಾಂಟರ್ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದ ಸಾಲಿನಲ್ಲಿ ತೋಟ ಮಾಡಿದ ಬಳಿಕ ಇತರರು ಹಿಂಬಾಲಿಸಿದರು. ಆದರೆ ‘ಚಿಕ್’ ಎಂದು ಹೆಸರಾಗಿದ್ದ ಹಳೆಯ ತಳಿ ಆ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿಗೆ ಬಲಿಯಾಯಿತು. ಅದರ ಬೆನ್ನಿಗೆ ಎಲೆತುಕ್ಕು ರೋಗ ತೋಟಗಳನ್ನು ಬೆತ್ತಲಾಗಿಸಿತು.

ಈ ಸಂಕಟಕ್ಕೆ ವಿಜ್ಞಾನದ ಉತ್ತರ ಹುಡುಕಿದವರ ಸಾಲಿನಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಹೆಸರು ಮೊದಲು ಬರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಈ ವಿಜ್ಞಾನಿ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಾಡಿದ ಉಪಕಾರ ಒಂದು ಪ್ರತ್ಯೇಕ ಲೇಖನಕ್ಕೆ ಯೋಗ್ಯ. ಮಳೆಗಾಲದ ಕೊಳೆರೋಗದಿಂದ ಅಡಿಕೆಗೊನೆ ಉಳಿಸಿಕೊಳ್ಳಲು ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ವಿಧಾನವನ್ನು ಅವರು ಬಳಕೆಗೆ ತಂದರು. ಶತಮಾನ ಕಳೆದರೂ ಮಲೆನಾಡಿನ ತೋಟಗಳಲ್ಲಿ ಆಷಾಢಕ್ಕೆ ಮುನ್ನ ಕೊನೆಗಾರರು ಮರವೇರಿ ಹೊಡೆಯುವುದು ಅದನ್ನೇ. ಅದೇ ಕೋಲ್ಮನ್ ಅವರ ಆಸ್ಥೆಯಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಅದು. 2025ಕ್ಕೆ ಅದಕ್ಕೆ ನೂರು ತುಂಬಿದೆ. ಅಲ್ಲಿ ರೂಪುಗೊಂಡ ಎಸ್. 795 ತಳಿ ದಶಕಗಟ್ಟಲೆ ಭಾರತೀಯ ಅರೇಬಿಕಾದ ಬೆನ್ನೆಲುಬಾಯಿತು.

ಇಲ್ಲಿನ ಕಾಫಿ ತೋಟವೆಂದರೆ ಬೋಳುಗುಡ್ಡದ ಮೇಲಿನ ಸಾಲುಗಿಡಗಳಲ್ಲ. ಹಲಸು, ಅತ್ತಿ, ನಂದಿ, ಬೀಟೆ, ಹಾಲುವಾಣ, ಸಿಲ್ವರ್ ಓಕ್ ಮರಗಳ ನೆರಳು ಮೇಲೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನಡುವೆ. ಕೆಳಗೆ ಕಾಫಿ, ಮಧ್ಯೆ ಮಧ್ಯೆ ಏಲಕ್ಕಿ, ಕಿತ್ತಳೆ. ಯಾವ ಮರದ ಎಷ್ಟು ಕೊಂಬೆ ಉಳಿಸಬೇಕು, ಎಷ್ಟು ಬೆಳಕು ಬಿಡಬೇಕು ಎಂಬ ಮರಗಸಿಯ ಲೆಕ್ಕ ಪುಸ್ತಕದಲ್ಲಿಲ್ಲ; ತಲೆಮಾರುಗಳ ಕಣ್ಣಂದಾಜಿನಲ್ಲಿದೆ. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿಯಾಗುತ್ತದೆ, ಮಲ್ಲಿಗೆಯನ್ನು ಹೋಲುವ ಗಂಧ ರಸ್ತೆಗೂ ಬರುತ್ತದೆ. ಆ ಮಳೆ ತಪ್ಪಿದ ವರ್ಷ ಬೆಳೆಗಾರನ ನಿದ್ದೆಯೂ ತಪ್ಪಿದಂತೆ. ಇನ್ನು ಕೊಯ್ಲಿನ ಸಮಯದಲ್ಲಿ, ಕಣದಲ್ಲಿ ಕಾಫಿ ಹರವಿರುವಾಗ ಸುರಿಯುವ ಅಕಾಲದ ಮಳೆಯನ್ನು ಯಾರೂ ಹರಸುವುದಿಲ್ಲ.

1942ರ ಕಾಫಿ ಕಾಯ್ದೆಯ ಬಳಿಕ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ಣ ಮುಕ್ತವಾಯಿತು. ಬೆಲೆಯ ಲಾಭದೊಡನೆ ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಗಳ ಏರಿಳಿತವೂ ನೇರವಾಗಿ ತೋಟಕ್ಕೆ ಬಂತು. 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರಕಿತು. ಒಂದೇ ಜಿಲ್ಲೆಯ ಕಾಫಿಗೆ ಎರಡು ಪ್ರತ್ಯೇಕ ಹೆಸರಿನ ಗೌರವ! ಕಾಫಿಯಷ್ಟೇ ಈ ತೋಟಗಳು ಸಾಹಿತ್ಯವನ್ನೂ ಫಲಿಸಿದವು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಮೀನು ಹಿಡಿಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಹಾರುವ ಓತಿಯ ಬೆನ್ನು ಹತ್ತಿ ಇದೇ ಕಾಡುಗಳಲ್ಲಿ ಅಲೆಯುತ್ತದೆ.

ಮಲೆನಾಡಿನ ಗದ್ದಲದಲ್ಲಿ ಬಯಲಿನ ಪಾಲು ಮರೆತುಹೋಗಬಾರದು. ಅಜ್ಜಂಪುರದಲ್ಲಿರುವ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ, ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಿಂದ ಬಂದ ಜಾನುವಾರು ಪರಂಪರೆಯ ವಾರಸುದಾರ. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನೆಳೆದ ಆ ನೀಳಕೊಂಬಿನ, ಬೂದುಮೈಯ ಎತ್ತುಗಳ ವೇಗಕ್ಕೆ ಬ್ರಿಟಿಷ್ ಸೇನಾಧಿಕಾರಿಗಳೂ ಬೆರಗಾಗಿದ್ದರು. ಸಖರಾಯಪಟ್ಟಣದ ಅಯ್ಯನಕೆರೆ, ಗಿರಿಯ ನೀರನ್ನು ಬುಡದಲ್ಲೇ ತಡೆದು ಹೊಲಗಳಿಗೆ ಹಂಚುವ ಪ್ರಾಚೀನ ಜಾಣ್ಮೆ.

ಕುದುರೆಮುಖ: ನಿಂತ ಗಣಿ

ಜಿಲ್ಲೆಯ ನೈಋತ್ಯದಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ಶಿಖರ ಕರಾವಳಿಯತ್ತ ಮುಖ ಮಾಡಿ ನಿಂತಿದೆ. ಅದರ ಒಡಲಲ್ಲಿದ್ದ ಮ್ಯಾಗ್ನಟೈಟ್ ಅದಿರು ಕಡಿಮೆ ಗುಣಮಟ್ಟದ್ದಾದರೂ ಅಗಾಧ. ಇರಾನ್ ಜೊತೆಗಿನ ಒಪ್ಪಂದದ ಬಲದಿಂದ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು; ಗಣಿ ನಿಲ್ಲಲಿಲ್ಲ. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರು ಬಂದರಿಗೆ ಹರಿಸಿದ ತಾಂತ್ರಿಕ ಸಾಹಸ ಮೆಚ್ಚಬೇಕಾದದ್ದೇ. ಆದರೆ ವರ್ಷದಲ್ಲಿ ಹಲವು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಬೆಟ್ಟದ ಚರ್ಮ ಸುಲಿದರೆ ಆ ಮಣ್ಣು ಎಲ್ಲಿಗೆ ಹೋದೀತು? ಭದ್ರೆಗೆ ಹೋಯಿತು.

ಸಿಂಗಳೀಕಗಳ ಕುರಿತ ಉಲ್ಲಾಸ ಕಾರಂತರ ಸಮೀಕ್ಷೆ ಈ ಕಾಡಿನ ಮಹತ್ವವನ್ನು ಎತ್ತಿ ತೋರಿದ್ದರಿಂದ, ಸುಮಾರು 600 ಚದರ ಕಿಲೋಮೀಟರ್ ವ್ಯಾಪ್ತಿಯ ಪ್ರದೇಶ 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿತ್ತು. ಗಣಿಯನ್ನು ಪ್ರಶ್ನಿಸಿ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಯ ಯಂತ್ರಗಳು ನಿಂತವು. ಸರ್ಕಾರಿ ಸ್ವಾಮ್ಯದ, ರಫ್ತಿನಿಂದ ಗಳಿಸುತ್ತಿದ್ದ ಗಣಿಯೊಂದನ್ನು ಕಾಡಿನ ಹಿತಕ್ಕಾಗಿ ಮುಚ್ಚಿಸಿದ ಈ ತೀರ್ಪು ದೇಶದ ಪರಿಸರ ನ್ಯಾಯಶಾಸ್ತ್ರದಲ್ಲಿ ಮೈಲಿಗಲ್ಲು. ಅದಕ್ಕೆ ಬೆಲೆಯೂ ಇತ್ತು: ಉದ್ಯೋಗ ಹೋಯಿತು, ಗಣಿಪಟ್ಟಣ ಖಾಲಿಯಾಯಿತು. ಲಕ್ಯಾ ಅಣೆಕಟ್ಟೆಯ ಹಿಂದೆ ಗಣಿತ್ಯಾಜ್ಯದ ಹೂಳು ಇಂದಿಗೂ ತುಂಬಿದೆ. ಉದ್ಯಾನದ ಒಳಗೂ ಅಂಚಿನಲ್ಲೂ ಬಾಳುವ ಮಲೆಕುಡಿಯ, ಗೌಡಲು, ಹಸಲ ಸಮುದಾಯಗಳ ಭೂಮಿಯ ಹಕ್ಕಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟಕ್ಕೆ ವಿಶ್ವಪರಂಪರೆಯ ಮನ್ನಣೆ ನೀಡಿದಾಗ ಕುದುರೆಮುಖ ಅದರಲ್ಲಿ ಸ್ಥಾನ ಪಡೆಯಿತು. ಗಣಿ ನಿಲ್ಲದಿದ್ದರೆ ಆ ಮನ್ನಣೆ ಬರುತ್ತಿರಲಿಲ್ಲವೆಂಬುದು ಊಹೆಗೆ ಮೀರಿದ ಮಾತೇನಲ್ಲ.

ಗಿರಿಯ ಇಂದಿನ ದಿನಗಳು

1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಇಲ್ಲಿಂದ ಗೆದ್ದು ಲೋಕಸಭೆಗೆ ಮರಳಿದಾಗ ಚಿಕ್ಕಮಗಳೂರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಆದರೂ ಜಿಲ್ಲಾಕೇಂದ್ರ ರೈಲಿನ ಸೀಟಿ ಕೇಳಿದ್ದು 2013ರ ನವೆಂಬರ್‌ನಲ್ಲಿ, ಕಡೂರಿನಿಂದ ಮಾರ್ಗ ಬಂದ ಮೇಲೆ. ಈಗ ಜನ ಬರುವುದಕ್ಕೆ ರೈಲು ಕಾಯುವುದಿಲ್ಲ. ವಾರಾಂತ್ಯಗಳಲ್ಲಿ ಬೆಂಗಳೂರಿನ ಕಾರುಗಳು ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಲ್ಲಿ ಸಾಲುಗಟ್ಟುತ್ತವೆ. ತೋಟದ ಹಳೆಯ ತೊಟ್ಟಿಮನೆಗಳು ಹೋಂಸ್ಟೇಗಳಾಗಿ ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ, ಪತ್ರೊಡೆ ಬಡಿಸುತ್ತಿವೆ. ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಅನೇಕ ಸಣ್ಣ ಬೆಳೆಗಾರರ ಮನೆ ನಡೆದದ್ದು ಈ ಆತಿಥ್ಯದ ಆದಾಯದಿಂದ. ಪ್ರವಾಸೋದ್ಯಮವನ್ನು ಸಾರಾಸಗಟಾಗಿ ಹಳಿಯುವವರು ಇದನ್ನೂ ಗಮನಿಸಬೇಕು.

ಆದರೆ ಗಿರಿಯ ಸಹನೆಗೂ ಮಿತಿಯಿದೆ. 2019ರ ಆಗಸ್ಟ್‌ನ ಮಹಾಮಳೆಗೆ ಮೂಡಿಗೆರೆ, ಕಳಸ ಭಾಗದಲ್ಲಿ ಗುಡ್ಡಗಳು ಕುಸಿದು ತೋಟ, ಮನೆಗಳು ಕೊಚ್ಚಿಹೋದವು. ಚಾರ್ಮಾಡಿ ಘಾಟಿಯ ರಸ್ತೆ ದೀರ್ಘಕಾಲ ಮುಚ್ಚಿತು. ಆನೆಗಳ ಹಾವಳಿಯಿಂದ ತೋಟದ ಕೆಲಸಗಾರರು ಮುಂಜಾನೆ ಹೊರಡಲು ಅಂಜುತ್ತಾರೆ. ಶೃಂಗೇರಿ, ಕೊಪ್ಪ, ಕಳಸದ ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಹಿಂಡುತ್ತಿದೆ. ಕೋಲ್ಮನ್ ಅವರಂಥ ಮತ್ತೊಬ್ಬರಿಗಾಗಿ ಅಡಿಕೆ ನಾಡು ಕಾಯುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ. ಹೂಮಳೆಯ ಹೊತ್ತು ತಪ್ಪುತ್ತಿದೆ, ಕೊಯ್ಲಿನ ಕಾಲಕ್ಕೆ ಮಳೆ ಬರುತ್ತಿದೆ. ಗಿರಿಪ್ರದೇಶಕ್ಕೆ ಬಿಡುವ ವಾಹನಗಳಿಗೆ ಜಿಲ್ಲಾಡಳಿತ ಮಿತಿ ಹಾಕಿ ಮುಂಗಡ ನೋಂದಣಿಯ ಕ್ರಮ ತಂದಿರುವುದು ತಡವಾದರೂ ಸರಿಯಾದ ಹೆಜ್ಜೆ.

ಈ ನಾಡನ್ನು ನೋಡಹೊರಡುವ ಕುಟುಂಬಗಳಿಗೆ ಒಂದು ಸೂಚನೆ. ಮುಳ್ಳಯ್ಯನಗಿರಿಯೊಂದನ್ನೇ ಹತ್ತಿಳಿದು ಮರಳುವುದು ಚಿಕ್ಕಮಗಳೂರನ್ನು ನೋಡಿದಂತಲ್ಲ. ಅಮೃತಾಪುರಕ್ಕೆ ಒಂದು ಇಡೀ ಬೆಳಗನ್ನು, ಶೃಂಗೇರಿಗೆ ಒಂದು ಸಂಜೆಯನ್ನು, ಅಂಗಡಿಯಂಥ ಮರೆತ ಊರಿಗೆ ಅರ್ಧ ದಿನವನ್ನು ತೆಗೆದಿಡುವುದು ಒಳಿತು. ಕಾಫಿ ಹೂ ಕಾಣಬೇಕಿದ್ದರೆ ಮಾರ್ಚ್–ಏಪ್ರಿಲ್, ಹಣ್ಣಾದ ಕಾಫಿಯ ಕೊಯ್ಲು ಕಾಣಬೇಕಿದ್ದರೆ ಡಿಸೆಂಬರ್–ಜನವರಿ ಸೂಕ್ತ. ಹುಲ್ಲುಗಾವಲಿನ ಮೇಲೆ ವಾಹನ ಇಳಿಸಬಾರದು, ಪ್ಲಾಸ್ಟಿಕ್ ಬಾಟಲಿ ಬಿಟ್ಟು ಬರಬಾರದು. ಮಳೆಗಾಲದಲ್ಲಿ ಬರುವವರು ಚಾರ್ಮಾಡಿ ರಸ್ತೆ ತೆರೆದಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.